ದೇವರ ಕೃಪೆಗೆ ಮುಯ್ಯಿ ಲೆಕ್ಕ ಬೇಡ: ಕೃತಜ್ಞತೆಯಿಂದ ಬದುಕೋದು ಹೇಗೆ

ನಮ್ಮ ಕಡೆ ಮದುವೆಗಳಲ್ಲಿ ಮುಯ್ಯಿ ಬರೆದುಕೊಳ್ಳಲು ಒಬ್ಬರು ಕೂತಿರುತ್ತಾರೆ. ಮುಂದೆ ಒಂದು ನೋಟ್‌ಬುಕ್, ಪಕ್ಕದಲ್ಲಿ ಕವರುಗಳ ರಾಶಿ. ಯಾರು ಎಷ್ಟು ಕೊಟ್ಟರು ಅಂತ ಹೆಸರು ಹಿಡಿದು ಬರೆಯುತ್ತಾರೆ. ನಾಳೆ ಅವರ ಮನೆಯಲ್ಲಿ ಮದುವೆಯಾದಾಗ ಆ ಪುಟ ತೆಗೆದು ನೋಡಿ, ಅಷ್ಟಕ್ಕೆ ಸ್ವಲ್ಪ ಸೇರಿಸಿಯೇ ಕೊಡಬೇಕು. ಊರು ನಡೆಯುವುದೇ ಹೀಗೆ, ಅದರಲ್ಲಿ ತಪ್ಪೇನಿಲ್ಲ. ತೊಂದರೆ ಏನಂದ್ರೆ, ನಾವು ಎಷ್ಟೋ ಜನ ಕ್ರೈಸ್ತರು ದೇವರ ಜೊತೆಗೂ ಇಂಥದ್ದೇ ಒಂದು ನೋಟ್‌ಬುಕ್ ಇಟ್ಟುಕೊಂಡಿರುತ್ತೇವೆ. ಮಗಳಿಗೆ ಸೀಟು ಸಿಕ್ಕರೆ ಇಷ್ಟು ಕಾಣಿಕೆ. ಆಪರೇಷನ್ ಚೆನ್ನಾಗಿ ಆದರೆ ಒಂಬತ್ತು ಗುರುವಾರ ವಿವೇಕನಗರದ ಬಾಲಯೇಸು ದೇವಾಲಯಕ್ಕೆ. ಕೇಳಿದ್ದು ಸಿಕ್ಕಿತು, ಹೇಳಿದ್ದು ಕೊಟ್ಟೆವು, ಲೆಕ್ಕ ಚುಕ್ತಾ.

ಹರಕೆ ಹೊರುವವರನ್ನು ನಾನು ಹಂಗಿಸುತ್ತಿಲ್ಲ. ಬೈಬಲಿನ ಕೀರ್ತನೆಗಳಲ್ಲೇ ಹರಕೆ ತೀರಿಸುವ ಮಾತು ಎಷ್ಟೋ ಸಲ ಬರುತ್ತದೆ. ಆದರೆ ಯೇಸುವಿನಲ್ಲಿ ಸಿಕ್ಕ ಕ್ಷಮೆಯನ್ನೂ ಹೀಗೆ ಲೆಕ್ಕ ಹಾಕಿ ತೀರಿಸಲು ಹೊರಟರೆ ಎರಡರಲ್ಲಿ ಒಂದು ಆಗುತ್ತದೆ. ಒಂದೋ 'ನಾನು ಎಷ್ಟು ಮಾಡಿದರೂ ಸಾಲದು' ಅನ್ನುವ ಭಯ ಹಿಡಿಯುತ್ತದೆ, ಇಲ್ಲಾಂದ್ರೆ 'ನಾನು ಬೇಕಾದಷ್ಟು ಮಾಡಿದೀನಿ' ಅನ್ನುವ ಜಂಬ. ಎರಡೂ ಕೃತಜ್ಞತೆ ಅಲ್ಲ.

ಮೊದಲು ಯಾವುದು, ಆಮೇಲೆ ಯಾವುದು

ಅಪೊಸ್ತಲ ಪೌಲ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದ 8 ಮತ್ತು 9ನೇ ವಚನ ಸುಮಾರು ಜನಕ್ಕೆ ಬಾಯಿಪಾಠ. ರಕ್ಷಣೆ ಕೃಪೆಯಿಂದ ಆದದ್ದು, ನಮ್ಮ ಕೆಲಸದಿಂದಲ್ಲ, ಹಾಗಾಗಿ ಯಾರೂ ಹೊಗಳಿಕೊಳ್ಳುವ ಹಾಗಿಲ್ಲ ಅಂತ ಅಲ್ಲಿದೆ. ಅಷ್ಟಕ್ಕೇ ನಿಲ್ಲಿಸಬೇಡಿ, 10ನೇದನ್ನೂ ಓದಿ. ಒಳ್ಳೆಯ ಕೆಲಸ ಮಾಡಲಿಕ್ಕೇ ದೇವರು ನಮ್ಮನ್ನು ಹೊಸದಾಗಿ ಉಂಟುಮಾಡಿದ್ದಾನೆ ಅಂತ ಪೌಲ ಮುಂದುವರಿಸುತ್ತಾನೆ. ಅಂದರೆ ಒಳ್ಳೆಯ ಕೆಲಸ ಬೇಕು, ಆದರೆ ಅದು ಕೃಪೆಯ ಹಿಂದಿನಿಂದ ಬರುತ್ತದೆ, ಮುಂದೆ ಬಂದು ಕೃಪೆಯನ್ನು ಕೊಂಡುಕೊಳ್ಳುವುದಿಲ್ಲ.

ಹತ್ತು ಆಜ್ಞೆಗಳಲ್ಲೂ ಇದೇ ಕ್ರಮ. ವಿಮೋಚನಕಾಂಡ 20 ತೆಗೆದು ನೋಡಿ. ಮೊದಲ ಆಜ್ಞೆಗಿಂತ ಮುಂಚೆ ದೇವರು ಇಸ್ರಾಯೇಲ್ಯರಿಗೆ ಹೇಳುವ ಒಂದು ಮಾತಿದೆ: ನಿಮ್ಮನ್ನು ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಬಿಡಿಸಿದ ದೇವರು ನಾನೇ ಅಂತ. ಇವನ್ನು ಪಾಲಿಸಿ, ಆಮೇಲೆ ಬಿಡಿಸುತ್ತೇನೆ ಅನ್ನಲಿಲ್ಲ. ಬಿಡಿಸಿ, ಸಮುದ್ರ ದಾಟಿಸಿ, ಮರಳುಗಾಡಿನಲ್ಲಿ ಊಟ ಕೊಟ್ಟು, ಆಮೇಲೆ ಸೀನಾಯಿ ಬೆಟ್ಟದ ಹತ್ತಿರ ಹೀಗೆ ಬದುಕಿ ಅಂದ.

1563ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಸಭೆಯವರಿಗೆ ಕಲಿಸಲು 129 ಪ್ರಶ್ನೋತ್ತರಗಳ ಒಂದು ಪುಸ್ತಕ ಮಾಡಿದರು. ಅದರಲ್ಲಿ ಮೂರೇ ಭಾಗ: ಮನುಷ್ಯನ ದುರವಸ್ಥೆ, ಬಿಡುಗಡೆ, ಕೃತಜ್ಞತೆ. ಹತ್ತು ಆಜ್ಞೆಗಳ ವಿವರ ಎಲ್ಲಿದೆ ಹೇಳಿ? ಮೊದಲ ಭಾಗದಲ್ಲಿ ಇರುತ್ತೆ ಅಂದುಕೊಳ್ಳುತ್ತೇವೆ ಅಲ್ವಾ, ಆದರೆ ಅದು ಇರುವುದು ಮೂರನೆಯದರಲ್ಲಿ. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆಯೂ ಅಲ್ಲೇ. ಕಳ್ಳತನ ಮಾಡದಿರುವುದು, ಅಪ್ಪ ಅಮ್ಮನನ್ನು ನೋಡಿಕೊಳ್ಳುವುದು, ಸುಳ್ಳು ಸಾಕ್ಷಿ ಹೇಳದಿರುವುದು, ಎಲ್ಲವೂ ಕೃತಜ್ಞತೆಯ ಲೆಕ್ಕಕ್ಕೇ ಸೇರಿದವು. ಬರೀ 'ಸ್ತೋತ್ರ, ಸ್ತೋತ್ರ' ಅಂದುಬಿಟ್ಟರೆ ಮುಗಿಯಿತು ಅಂದುಕೊಂಡವರಿಗೆ ಇದು ಸ್ವಲ್ಪ ಬಿಸಿ ಮುಟ್ಟಿಸುತ್ತದೆ.

ನೀವು ಎಲ್ಲಿದ್ದೀರಿ ಅಂತ ತಿಳಿದುಕೊಳ್ಳಲು ಒಂದು ಪರೀಕ್ಷೆ ಇದೆ. ನಾಲ್ಕು ದಿನ ಪ್ರಾರ್ಥನೆ ತಪ್ಪಿಹೋಯಿತು, ಐದನೇ ದಿನ ಗಾಡಿ ಪಂಕ್ಚರ್ ಆಯಿತು. ತಕ್ಷಣ 'ಪ್ರಾರ್ಥನೆ ಮಾಡ್ಲಿಲ್ಲ, ಅದಕ್ಕೇ ಹೀಗಾಯ್ತು' ಅಂತ ಮನಸ್ಸು ಹೇಳಿದರೆ, ನಿಮ್ಮ ನೋಟ್‌ಬುಕ್ ಇನ್ನೂ ತೆರೆದೇ ಇದೆ.

ರಾತ್ರಿ ಹತ್ತು ನಿಮಿಷ

ಇದು ದಿನಾ ಮಾಡುವಂಥದ್ದು, ಖರ್ಚಿಲ್ಲ. ಲೊಯೊಲಾದ ಸಂತ ಇಗ್ನೇಷಿಯಸ್ 16ನೇ ಶತಮಾನದಲ್ಲಿ ತನ್ನ ಜೊತೆಗಾರರಿಗೆ ಕಲಿಸಿಕೊಟ್ಟ ಪದ್ಧತಿ. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದ ಯೇಸುಸಭೆಯವರು (ಜೆಸ್ವಿಟರು) ಇವನ ಪರಂಪರೆಯವರೇ. ಪ್ರೊಟೆಸ್ಟೆಂಟರು ಇದು ನಮ್ಮದಲ್ಲ ಅಂತ ದೂರ ಇಡಬೇಕಾಗಿಲ್ಲ, ಯಾರಿಗೂ ಒಗ್ಗುತ್ತದೆ.

ಐದು ಹೆಜ್ಜೆ. ಆ ದಿನ ಸಿಕ್ಕಿದ್ದಕ್ಕೆ ದೇವರಿಗೆ ವಂದನೆ. ನನ್ನ ತಪ್ಪು ನನಗೇ ಕಾಣುವ ಹಾಗೆ ಬೆಳಕು ಕೊಡು ಅಂತ ಬೇಡಿಕೆ. ಬೆಳಗ್ಗೆಯಿಂದ ಗಂಟೆ ಗಂಟೆಯಾಗಿ ದಿನವನ್ನು ಮತ್ತೆ ನೋಡುವುದು. ಕ್ಷಮೆ ಕೇಳುವುದು. ನಾಳೆಗೆ ಒಂದು ನಿರ್ಧಾರ. ವಂದನೆ ಮೊದಲು, ಪಾಪದ ಲೆಕ್ಕ ಆಮೇಲೆ ಅನ್ನುವುದನ್ನು ಗಮನಿಸಿ. ಪ್ರೀತಿ ಸಿಕ್ಕಿದೆ ಅಂತ ಗೊತ್ತಿದ್ದವನಿಗೆ ಮಾತ್ರ ತನ್ನ ತಪ್ಪನ್ನು ನೆಟ್ಟಗೆ ನೋಡಲು ಧೈರ್ಯ ಬರುತ್ತದೆ, ಇಲ್ಲದವನು ಸಬೂಬು ಹೇಳುತ್ತಾನೆ.

ಕಷ್ಟವಾಗುವುದು ಮೊದಲ ಹೆಜ್ಜೆಯೇ. ಯಾಕೆಂದರೆ 'ಆರೋಗ್ಯಕ್ಕಾಗಿ, ಕುಟುಂಬಕ್ಕಾಗಿ, ಎಲ್ಲಾ ಆಶೀರ್ವಾದಗಳಿಗಾಗಿ ಸ್ತೋತ್ರ' ಅಂತ ಬಾಯಿ ತಾನಾಗಿಯೇ ಓಡುತ್ತದೆ, ಮನಸ್ಸು ಅಷ್ಟೊತ್ತಿಗೆ ನಾಳೆ ಇಡ್ಲಿಗೆ ಅಕ್ಕಿ ನೆನೆಹಾಕಿದ್ದೀನಾ ಇಲ್ವಾ ಅಂತ ಯೋಚಿಸುತ್ತಿರುತ್ತದೆ. ಅದಕ್ಕೇ ಆ ದಿನದ್ದೇ ಆದ, ನಿನ್ನೆ ಹೇಳಲು ಆಗದಿದ್ದ ಮೂರು ಸಂಗತಿ ಹೇಳಿ. ಕಂಡಕ್ಟರ್ ಚಿಲ್ಲರೆ ಇಲ್ಲ ಅಂದಾಗ ಹಿಂದಿನ ಸೀಟಿನ ಹುಡುಗಿ ಐದು ರೂಪಾಯಿ ಕೊಟ್ಟಳು. ಅತ್ತೆಯ ಶುಗರ್ ರಿಪೋರ್ಟ್ ಸ್ವಲ್ಪ ಇಳಿದಿದೆ. ಮೀಟಿಂಗ್‌ನಲ್ಲಿ ಆ ಮಾತಿಗೆ ಖಾರವಾಗಿ ಉತ್ತರ ಕೊಡಬೇಕು ಅಂತಿದ್ದೆ, ನಾಲಿಗೆ ತಡೆಯಿತು. ಹೀಗೆ. ಬರೆಯುವ ಅಭ್ಯಾಸ ಇದ್ದರೆ ಬರೆಯಿರಿ, ಇಲ್ಲದಿದ್ದರೆ ಬೇಡ. ಆದರೆ ಫೋನ್ ಮಾತ್ರ ಬೇರೆ ಕೋಣೆಯಲ್ಲಿರಲಿ. ಫೋನಿನಲ್ಲೇ ಬರೀತೀನಿ ಅಂದವರು ಹತ್ತು ನಿಮಿಷದ ನಂತರ ರೀಲ್ಸ್ ನೋಡುತ್ತಿರುತ್ತಾರೆ.

ಊಟಕ್ಕೆ ಮುಂಚಿನ ಪ್ರಾರ್ಥನೆ ನಮ್ಮ ಎಷ್ಟೋ ಮನೆಗಳಲ್ಲಿ ಇದ್ದೇ ಇದೆ. ಧರ್ಮೋಪದೇಶಕಾಂಡ 8:10 ಹೇಳುವುದು ತಿಂದು ತೃಪ್ತರಾದ ಮೇಲೆ ದೇವರನ್ನು ಕೊಂಡಾಡಿ ಅಂತ, ಯೆಹೂದ್ಯರು ಇವತ್ತಿಗೂ ಊಟದ ನಂತರ ಪ್ರಾರ್ಥನೆ ಮಾಡುತ್ತಾರೆ. ಒಂದು ವಾರ ಹಾಗೆ ಮಾಡಿ ನೋಡಿ. ಹೊಟ್ಟೆ ತುಂಬಿದ ಮೇಲೆ ಆತುರ ಇರುವುದಿಲ್ಲ. ಮತ್ತೆ ಅಡುಗೆ ಮಾಡಿದವರ ಹೆಸರೂ ಪ್ರಾರ್ಥನೆಯಲ್ಲಿ ಬರಲಿ. ದೇವರಿಗೆ ವಂದನೆ ಹೇಳಿ, ಎದ್ದು ಹೋಗುವಾಗ 'ಸಾರಿಗೆ ಉಪ್ಪು ಜಾಸ್ತಿ' ಅಂದು ಹೋಗುವ ಗಂಡಸರನ್ನು ಎಲ್ಲರೂ ನೋಡಿದ್ದೇವೆ.

ಮನುಷ್ಯರಿಗೂ ಹೇಳಿ

ಲೂಕ 17ರ ಹತ್ತು ಕುಷ್ಠರೋಗಿಗಳ ಕಥೆ ನಿಮಗೆ ಗೊತ್ತು. ಸಮಾರ್ಯ ಮತ್ತು ಗಲಿಲಾಯದ ಗಡಿಯಲ್ಲಿ ದೂರ ನಿಂತು ಕೂಗಿದರು, ಯಾಜಕರಿಗೆ ಮೈ ತೋರಿಸಿಕೊಳ್ಳಿ ಅಂತ ಯೇಸು ಕಳಿಸಿದ, ಹೋಗುತ್ತಿರುವಾಗಲೇ ವಾಸಿಯಾಯಿತು, ಒಬ್ಬ ಮಾತ್ರ ತಿರುಗಿ ಬಂದ, ಅವನು ಸಮಾರ್ಯದವನು. ಪ್ರಸಂಗಗಳಲ್ಲಿ ಉಳಿದ ಒಂಬತ್ತು ಜನರಿಗೆ ಚೆನ್ನಾಗಿ ಬೈಗುಳ ಬೀಳುತ್ತದೆ. ನನಗೆ ಅವರ ಮೇಲೆ ಸ್ವಲ್ಪ ಕನಿಕರ. ಹೇಳಿದ್ದನ್ನೇ ತಾನೇ ಅವರು ಮಾಡುತ್ತಿದ್ದದ್ದು? ಯಾಜಕರು ನೋಡಿ ಸರಿ ಅನ್ನದೆ ಮನೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಯೇಸುವೂ ಅವರು ಎಲ್ಲಿ ಅಂತ ಕೇಳಿದ, ಆದರೆ ಕೊಟ್ಟದ್ದನ್ನು ಕಿತ್ತುಕೊಳ್ಳಲಿಲ್ಲ. ರೋಗ ಮತ್ತೆ ಬಂತು ಅಂತ ಲೂಕ ಎಲ್ಲೂ ಬರೆದಿಲ್ಲ. ವಂದನೆ ಹೇಳದಿದ್ದರೂ ಅವರ ವಾಸಿ ವಾಸಿಯೇ. ತಿರುಗಿ ಬಂದವನಿಗೆ ಜಾಸ್ತಿ ಸಿಕ್ಕಿದ್ದು ಏನಂದ್ರೆ, ಕೊಟ್ಟವನ ಮುಖ ಹತ್ತಿರದಿಂದ ನೋಡಲು ಸಿಕ್ಕಿತು.

ಇದನ್ನು ಬದುಕಿಗೆ ತರುವುದು ಹೇಗೆ? ತಿರುಗಿ ಹೋಗಿ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ನಾವು ಹೆಸರುಗಳ ಪಟ್ಟಿ ಅಂತ ಹಾರಿಸಿಬಿಡುತ್ತೇವೆ. ಕೃಪೆಯ ಬಗ್ಗೆ ಅಷ್ಟು ಉದ್ದ ವಾದ ಮಾಡಿದ ಪೌಲ ಕೊನೆಗೆ ಹೆಸರು ಹಿಡಿದು ನೆನೆಯುತ್ತಾನೆ: ಬಹಳ ಜನಕ್ಕೆ ಸಹಾಯ ಮಾಡಿದ ಫೊಯಿಬೆ, ತನ್ನ ಪ್ರಾಣಕ್ಕಾಗಿ ಕುತ್ತಿಗೆಯನ್ನೇ ಒಡ್ಡಿದ ಪ್ರಿಸ್ಕ ಮತ್ತು ಅಕ್ವಿಲ, ತನಗೂ ತಾಯಿಯಂತಿದ್ದ ರೂಫನ ತಾಯಿ. ನಿಮ್ಮ 16ನೇ ಅಧ್ಯಾಯ ಬರೆಯಿರಿ. ಸಂಡೇ ಸ್ಕೂಲ್ ಟೀಚರ್, ಫೀಸು ಕಟ್ಟಿದ ಚಿಕ್ಕಪ್ಪ, ಹೆರಿಗೆಯಾದಾಗ ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಪಕ್ಕದ ಮನೆ ಆಂಟಿ. ತಿಂಗಳಿಗೆ ಒಬ್ಬರು ಸಾಕು. ಫೋನ್ ಮಾಡಿ, ಅವರು ಏನು ಮಾಡಿದ್ದರು ಅಂತ ಬಿಡಿಸಿ ಹೇಳಿ. ಹೂವಿನ ಚಿತ್ರ ಹಾಕಿದ ವಾಟ್ಸಾಪ್ ವಚನ ಕಳಿಸಿದರೆ ಅದು ಇದಕ್ಕೆ ಸಮ ಅಲ್ಲ.

ದುಬಾರಿ ಭಾಗ: ಕ್ಷಮಿಸುವುದು

ವಂದನೆ ಹೇಳುವುದು, ಕಾಣಿಕೆ ಕೊಡುವುದು ಎಲ್ಲ ಸುಲಭ. ಕೃಪೆ ಸಿಕ್ಕಿದವನು ನಿಜವಾಗಿ ಕೃತಜ್ಞನೋ ಅಲ್ಲವೋ ಅಂತ ಗೊತ್ತಾಗುವುದು ತನಗೆ ಅನ್ಯಾಯ ಮಾಡಿದವನು ಎದುರಿಗೆ ಬಂದಾಗ. ಮತ್ತಾಯ 18ರಲ್ಲಿ ಯೇಸು ಹೇಳಿದ ಕಥೆಯ ಮೊತ್ತಗಳನ್ನು ಒಮ್ಮೆ ಲೆಕ್ಕ ಹಾಕಿ. ಸೇವಕನಿಗೆ ರಾಜ ಬಿಟ್ಟುಕೊಟ್ಟ ಸಾಲ 10,000 ತಲಾಂತು. ಒಂದು ತಲಾಂತು ಅಂದರೆ ಸುಮಾರು 6,000 ದಿನದ ಕೂಲಿ. ಒಟ್ಟು 6 ಕೋಟಿ ದಿನದ ಕೂಲಿ, ಒಂದೂವರೆ ಲಕ್ಷ ವರ್ಷಕ್ಕಿಂತ ಜಾಸ್ತಿ ದುಡಿಯಬೇಕು. 'ಸ್ವಲ್ಪ ತಾಳಿಕೋ, ಎಲ್ಲಾ ತೀರಿಸ್ತೀನಿ' ಅಂತ ಅವನು ಅಂದದ್ದು ಅದಕ್ಕೇ ನಗು ತರಿಸುತ್ತದೆ. ಅವನು ಹೊರಗೆ ಬಂದು ಜೊತೆ ಕೆಲಸದವನ ಕುತ್ತಿಗೆ ಹಿಡಿದದ್ದು 100 ದಿನದ ಕೂಲಿಗೆ.

100 ದಿನದ ಕೂಲಿ ಸಣ್ಣ ಮೊತ್ತ ಅಲ್ಲ, ಮೂರು ತಿಂಗಳ ಸಂಬಳ. ಬೇರೆಯವರು ನಮಗೆ ಮಾಡಿದ್ದು ಏನೂ ಅಲ್ಲ ಅಂತ ಯೇಸು ಹೇಳುತ್ತಿಲ್ಲ. ನೋವು ನಿಜವೇ. ಆಸ್ತಿ ಪಾಲಿನಲ್ಲಿ ಅಣ್ಣ ಮೋಸ ಮಾಡಿದ್ದು, ಮದುವೆ ಮನೆಯಲ್ಲಿ ನಿಮ್ಮ ಅಮ್ಮನಿಗೆ ಅವಮಾನ ಮಾಡಿದ್ದು, ಅವೆಲ್ಲ 100 ದಿನದ ಕೂಲಿಯಷ್ಟು ತೂಕದವು. ಆದರೆ ಅವುಗಳ ಪಕ್ಕದಲ್ಲಿಟ್ಟು ಆ 6 ಕೋಟಿಯನ್ನೂ ನೋಡಿ ಅನ್ನುತ್ತಾನೆ.

ಒಮ್ಮೆಗೇ ಆಗುವುದಿಲ್ಲ. ಮೊದಲು ಆ ವ್ಯಕ್ತಿಯ ಹೆಸರು ಹೇಳಿ ಪ್ರಾರ್ಥನೆ ಮಾಡಿ, ಒಂದು ಸಾಲು ಸಾಕು, ಹಲ್ಲು ಕಚ್ಚಿಕೊಂಡಾದರೂ ಸರಿ. ಆಮೇಲೆ ಅವರ ಬಗ್ಗೆ ಕಂಡಕಂಡವರಿಗೆ ಹೇಳುವುದನ್ನು ನಿಲ್ಲಿಸಿ. ಮಾತಾಡಿಸುವುದು ಅದರ ನಂತರ. ಇನ್ನೊಂದು ವಿಷಯ ಖಡಾಖಂಡಿತವಾಗಿ ಹೇಳಬೇಕು. ಹೊಡೆಯುವ ಗಂಡನ ಮನೆಗೆ 'ಕ್ಷಮಿಸಬೇಕಮ್ಮ, ದೇವರು ನಮ್ಮನ್ನ ಕ್ಷಮಿಸಿಲ್ವಾ' ಅಂತ ಹೇಳಿ ಹೆಣ್ಣುಮಗಳನ್ನು ವಾಪಸ್ ಕಳಿಸುವ ಹಿರಿಯರು ಈ ಕಥೆಯನ್ನು ತಪ್ಪಾಗಿ ಓದಿದ್ದಾರೆ. ಆ ಕಥೆಯಲ್ಲಿ ಕುತ್ತಿಗೆ ಹಿಡಿದವನ ಮೇಲೆ ಉಳಿದ ಸೇವಕರು ಹೋಗಿ ದೂರು ಕೊಡುತ್ತಾರೆ, ರಾಜ ಆ ದೂರು ಕೇಳುತ್ತಾನೆ. ಕ್ಷಮೆಗೂ ಪೊಲೀಸ್ ಕಂಪ್ಲೇಂಟಿಗೂ ಜಗಳ ಇಲ್ಲ.

ಕೊಡುವಾಗ

ಸಂಬಳ ಬಂದ ದಿನವೇ ಎತ್ತಿಡಿ. ತಿಂಗಳ ಕೊನೆಗೆ ಉಳಿದದ್ದು ಕೊಡ್ತೀನಿ ಅಂದರೆ ಏನೂ ಉಳಿಯುವುದಿಲ್ಲ, ಇದು ನಿಮಗೂ ಗೊತ್ತು. ಪೌಲ ಕೊರಿಂಥದವರಿಗೆ ಹೇಳಿದ್ದೂ ಹೀಗೇ, ವಾರದ ಮೊದಲನೇ ದಿನ ನಿಮ್ಮ ಗಳಿಕೆಗೆ ತಕ್ಕ ಹಾಗೆ ತೆಗೆದಿಡಿ ಅಂತ. ಆ ಹಣ ಯೆರೂಸಲೇಮಿನ ಬಡವರಿಗಾಗಿ ಇತ್ತು, ಮತ್ತೆ ಅದಕ್ಕೆ ಕೈ ಬಿಚ್ಚಿ ಕೊಟ್ಟವರು ಮಕೆದೋನ್ಯದ ಬಡ ಸಭೆಗಳು.

ದಶಮಾಂಶ, ಅಂದರೆ ಗಳಿಕೆಯ ಹತ್ತರಲ್ಲೊಂದು ಪಾಲು, ಕೊಡಬೇಕಾ, ನಿವ್ವಳ ಸಂಬಳದ್ದಾ ಒಟ್ಟು ಸಂಬಳದ್ದಾ ಅಂತ ಜಗಳ ಮಾಡುವವರ ಜೊತೆ ನಾನು ಸೇರುವುದಿಲ್ಲ. ಅದಕ್ಕಿಂತ ಮುಂಚೆ ನೋಡಬೇಕಾದದ್ದು ಬೇರೆ ಇದೆ. ಮನೆ ಕೆಲಸದವರ ಸಂಬಳ ಹತ್ತನೇ ತಾರೀಕಾದರೂ ಕೊಟ್ಟಿಲ್ಲ, ಭಾನುವಾರ ಕಾಣಿಕೆ ಚೀಲಕ್ಕೆ ಮಾತ್ರ ಐನೂರರ ನೋಟು ಬಿತ್ತು. ಇದು ಯಾವ ಲೆಕ್ಕ? ಕೂಲಿಯವನ ಕೂಲಿ ಅವತ್ತೇ ಸಂಜೆ ಕೊಡಿ ಅಂತ ಧರ್ಮೋಪದೇಶಕಾಂಡ 24ರಲ್ಲಿದೆ. ಹೊಲದ ಅಂಚಿನ ತನಕ ಕೊಯ್ಯಬೇಡಿ, ಬಿದ್ದ ತೆನೆ ಆಯಬೇಡಿ, ಬಡವರಿಗೂ ಪರದೇಶದವರಿಗೂ ಬಿಡಿ ಅಂತ ಯಾಜಕಕಾಂಡ 19ರಲ್ಲಿದೆ. ಹೊಲ ಇಲ್ಲದವರೂ ಅಂಚು ಬಿಡಬಹುದು. ತಳ್ಳುಗಾಡಿಯ ಸೊಪ್ಪಿನವರ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಬಿಡಿ, ಆಟೋದವರ ಹತ್ತಿರ ಚಿಲ್ಲರೆ ವಾಪಸ್ ಕೇಳಬೇಡಿ.

ಹೆಸರು ಬೇಡ. ನಮ್ಮ ದೇವಾಲಯಗಳಲ್ಲಿ ತಲೆ ಎತ್ತಿ ನೋಡಿದರೆ ಫ್ಯಾನಿನ ರೆಕ್ಕೆಗಳ ಮೇಲೂ ಕೊಟ್ಟವರ ಹೆಸರು, ಬೆಂಚಿನ ಹಿಂದೆ ಅವರ ತಂದೆಯವರ ಹೆಸರು, ಹುಟ್ಟಿದ್ದು ತೀರಿಕೊಂಡದ್ದು ಸಮೇತ. ಫ್ಯಾನ್ ತಿರುಗುವಾಗ ಹೆಸರು ಓದಲು ಆಗುವುದಿಲ್ಲ ಅನ್ನುವುದೊಂದೇ ಸಮಾಧಾನ.

ಹೊಸಬೆಳೆಯ ಹಬ್ಬ ನಿಮ್ಮಲ್ಲಿದ್ದರೆ ಅದನ್ನು ಬಿಡಬೇಡಿ. ಮಂಗಳೂರು ಉಡುಪಿ ಕಡೆಯ ಕಥೋಲಿಕರು ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನಕ್ಕೆ, ಮೊಂತಿ ಹಬ್ಬ ಮಾಡುತ್ತಾರೆ. ಒಂಬತ್ತು ದಿನ ಮಕ್ಕಳು ಹೂವು ತರುತ್ತಾರೆ, ಹಬ್ಬದ ದಿನ ಭತ್ತದ ತೆನೆ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಮನೆಗೆ ತಂದ ಆ ತೆನೆಯ ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ, ಪ್ರಾರ್ಥನೆ ಮಾಡಿ ಎಲ್ಲರೂ ತೆಗೆದುಕೊಳ್ಳುತ್ತಾರೆ. ಆಮೇಲೆ ಬಾಳೆಎಲೆಯಲ್ಲಿ ತರಕಾರಿ ಊಟ. ದುಬೈ, ಕುವೈತ್‌ನಲ್ಲಿರುವ ಮಕ್ಕಳಿಗೆ ನಾಲ್ಕು ಕಾಳು ಕವರಿನಲ್ಲಿ ಹಾಕಿ ಕಳಿಸುವವರಿದ್ದಾರೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಬೆಳೆ ಹಬ್ಬದಲ್ಲಿ ಕುಂಬಳಕಾಯಿ, ಬಾಳೆಗೊನೆ, ಕೋಳಿ ಎಲ್ಲ ತಂದು ಆರಾಧನೆಯ ನಂತರ ಹರಾಜು ಹಾಕುತ್ತಾರೆ. ನೂರು ರೂಪಾಯಿಯ ತೆಂಗಿನಕಾಯಿ ಸಾವಿರಕ್ಕೆ ಹೋಗುತ್ತದೆ, ಅಲ್ಲೂ ಒಂದಿಷ್ಟು ಪೈಪೋಟಿ ಇರುತ್ತದೆ ಅನ್ನಿ. ನಗರದಲ್ಲಿರುವವರು ಬೆಳೆ ಅಂದರೆ ಏನು ತರುವುದು ಅಂತ ಕೇಳಿದರೆ, ಕುಂಡದಲ್ಲಿ ಬೆಳೆದ ಒಂದು ಹಿಡಿ ಕೊತ್ತಂಬರಿಯೂ ಆಗುತ್ತದೆ.

ಬೇಡವಾದ ಕೃತಜ್ಞತೆ

ಲೂಕ 18ರಲ್ಲಿ ದೇವಾಲಯಕ್ಕೆ ಹೋದ, ಧರ್ಮನಿಯಮ ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯ ಪ್ರಾರ್ಥನೆ ಶುರು ಮಾಡಿದ್ದೇ ವಂದನೆಯಿಂದ. ದೇವರೇ, ನಾನು ಬೇರೆಯವರ ಹಾಗಿಲ್ಲ, ಅದಕ್ಕೆ ಸ್ತೋತ್ರ ಅಂದ. ನಾವೂ ಅನ್ನುತ್ತೇವೆ. ಅನಾಥಾಶ್ರಮಕ್ಕೆ ಊಟ ಕೊಟ್ಟು ಬರುವಾಗ ಮಕ್ಕಳಿಗೆ 'ನೋಡು, ಅವರಿಗಿಂತ ನೀನು ಎಷ್ಟು ಪುಣ್ಯವಂತ' ಅಂತ ಹೇಳುವುದು ಅದೇ ಜಾತಿಯದು. ಬೇರೆಯವರ ಕಷ್ಟ ತೋರಿಸಿ ಕೃತಜ್ಞತೆ ಕಲಿಸಬೇಡಿ.

ಸಭೆಯಲ್ಲಿ ಸಾಕ್ಷಿ ಹೇಳುವಾಗಲೂ ಹುಷಾರು. 'ದೇವರು ನನಗೆ ಹೊಸ ಕಾರು ಕೊಟ್ಟ' ಅಂತ ಹೇಳುವಾಗ, ಅದೇ ವಾರ ಕೆಲಸ ಕಳೆದುಕೊಂಡವನೊಬ್ಬ ಮೂರನೇ ಸಾಲಿನಲ್ಲಿ ಕೂತಿರಬಹುದು, ನಿಮ್ಮಷ್ಟೇ ಪ್ರಾರ್ಥನೆ ಮಾಡಿದವನು.

ಸಾವಿನ ಮನೆಯಲ್ಲಿ 'ಎಲ್ಲದಕ್ಕೂ ಸ್ತೋತ್ರ ಹೇಳಬೇಕು' ಅನ್ನುವ ಉಪದೇಶ ದಯವಿಟ್ಟು ಬೇಡ. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೋಳಾಟ, ದೂರು. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಒಂದೇ ಒಂದು ವಂದನೆಯ ಮಾತೂ ಇಲ್ಲ. ತೀರಿಕೊಂಡ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಮೊದಲು ಅತ್ತ. ಅಳುವವರ ಪಕ್ಕ ಕೂತು, ಕಾಫಿ ಮಾಡಿಕೊಟ್ಟು, ಬಂದವರಿಗೆ ಕುರ್ಚಿ ಹಾಕಿ. ಅವರೇ ಮುಂದೆ ಯಾವತ್ತೋ ವಂದನೆ ಹೇಳಿದರೆ ಹೇಳಲಿ. ಅಂಜೂರ ಚಿಗುರದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ದೇವರಲ್ಲಿ ಸಂತೋಷಪಡುತ್ತೇನೆ ಅಂದ ಪ್ರವಾದಿ ಹಬಕ್ಕೂಕ ಅದನ್ನು ತನ್ನ ಬಗ್ಗೆ ತಾನೇ ಹೇಳಿಕೊಂಡ, ಬೇರೆಯವರ ಮೇಲೆ ಹೇರಲಿಲ್ಲ.

ಏನೂ ಅನ್ನಿಸದ ದಿನ

ಮನಸ್ಸು ಒಣಗಿಹೋಗಿದೆ, ಬಾಯಲ್ಲಿ ಮಾತು ಬರುತ್ತಿಲ್ಲ, ಸುಳ್ಳು ಹೇಳಲು ಇಷ್ಟವಿಲ್ಲ. ಆಗ ಕೀರ್ತನೆ 136 ತೆಗೆಯಿರಿ. 26 ವಚನ, ಪ್ರತಿಯೊಂದರ ಕೊನೆಗೂ ಆತನ ಕೃಪೆ ಶಾಶ್ವತ ಎನ್ನುವ ಅದೇ ಸಾಲು. ಒಬ್ಬರು ಅರ್ಧ ಓದಬೇಕು, ಉಳಿದವರೆಲ್ಲ ಸೇರಿ ಆ ಸಾಲು ಹೇಳಬೇಕು. ನಿಮಗೆ ಏನನ್ನಿಸುತ್ತಿದೆ ಅಂತ ಅದು ಕೇಳುವುದೇ ಇಲ್ಲ. ಆಕಾಶ, ಭೂಮಿ, ಸೂರ್ಯ ಚಂದ್ರರ ಸೃಷ್ಟಿಯಿಂದ ಹಿಡಿದು, ಕೆಂಪು ಸಮುದ್ರ ದಾಟಿ, ಎಲ್ಲಾ ಜೀವಿಗಳಿಗೂ ಆಹಾರ ಕೊಡುವವನ ತನಕ ಬರುತ್ತದೆ.

ಮನೆ ಪ್ರಾರ್ಥನೆಯಲ್ಲಿ ಇದನ್ನು ಓದಿ ಮುಗಿಸಿದ ಮೇಲೆ ನಿಲ್ಲಿಸಬೇಡಿ. ಅದೇ ಧಾಟಿಯಲ್ಲಿ ನಿಮ್ಮ ಮನೆಯ ನಾಲ್ಕೈದು ಸಾಲು ಸೇರಿಸಿ. ಅಜ್ಜ ಊರು ಬಿಟ್ಟು ಬಂದಾಗ ಇರಲು ಜಾಗ ಕೊಟ್ಟವರು, ಅಪ್ಪನ ಆಪರೇಷನ್ ದಿನ ರಕ್ತ ಕೊಟ್ಟ ಹುಡುಗ, ಲಾಕ್‌ಡೌನ್‌ನಲ್ಲಿ ಬಾಡಿಗೆ ಕೇಳದ ಓನರ್. ಒಬ್ಬೊಬ್ಬರು ಒಂದೊಂದು ಹೇಳಲಿ, ಉಳಿದವರು ಉತ್ತರದ ಸಾಲು ಹೇಳಲಿ. ಚಿಕ್ಕ ಮಕ್ಕಳು ಬೀದಿ ನಾಯಿ ಮರಿ ಹಾಕಿದ್ದನ್ನು ಹೇಳಿದರೆ ನಗಬೇಡಿ, ತಿದ್ದಲೂ ಬೇಡಿ. 25ನೇ ವಚನದಲ್ಲಿ ಅದಕ್ಕೂ ಜಾಗ ಇದೆ.